ಅರ್ಜಿದಾರರು ಯಾರು?

2004ರ ಸೆಪ್ಟೆಂಬರ್ 2ರಂದು ದೆಹಲಿ ಹೈಕೋರ್ಟ್ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ವಜಾ ಮಾಡಿತು. ಅರ್ಜಿ ಹಾಕಿದ್ದು ನಾಜ್ ಫೌಂಡೇಶನ್ ಎಂಬ, ಎಚ್‌ಐವಿ ತಡೆಗಟ್ಟುವ ಕೆಲಸ ಮಾಡುತ್ತಿದ್ದ ಸಂಸ್ಥೆ. ವಯಸ್ಕರು ಪರಸ್ಪರ ಒಪ್ಪಿ ಖಾಸಗಿಯಾಗಿ ಇಟ್ಟುಕೊಳ್ಳುವ ಸಂಬಂಧವನ್ನು ಭಾರತೀಯ ದಂಡ ಸಂಹಿತೆಯಲ್ಲಿ ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ಸೆಕ್ಷನ್ 377ರ ವ್ಯಾಪ್ತಿಯಿಂದ ಹೊರಗಿಡಿ ಎಂಬುದಷ್ಟೇ ಅದರ ಬೇಡಿಕೆ. ಸೆಕ್ಷನ್ ಸರಿಯೋ ತಪ್ಪೋ ಎಂಬ ಗೋಜಿಗೇ ನ್ಯಾಯಾಲಯ ಹೋಗಲಿಲ್ಲ. ಈ ಸಂಸ್ಥೆಯ ಮೇಲೆ ಯಾವ ಮೊಕದ್ದಮೆಯೂ ಇಲ್ಲ, ಇದಕ್ಕೆ ಬಾಧೆಯೇನೂ ಆಗಿಲ್ಲ, ಹಾಗಿದ್ದ ಮೇಲೆ ಇದು ಬರೀ ಪುಸ್ತಕದ ಪ್ರಶ್ನೆ ಎಂದು ಕಡತ ಮುಚ್ಚಿತು.

ನೀವು ಯಾರು, ನಿಮಗೇನಾಗಿದೆ ಎಂಬ ಆ ಪ್ರಶ್ನೆಯನ್ನು ಕೋರ್ಟಿಗಿಂತ ಮೊದಲೇ ಬೇರೆಯವರು ಕೇಳಿಯಾಗಿತ್ತು. ಆ ಸೆಕ್ಷನ್ನಿನ ಹೆಸರಲ್ಲಿ ಪಾರ್ಕುಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಏಟು ತಿನ್ನುತ್ತಿದ್ದವರ ಪೈಕಿ ಅನೇಕರಿಗೆ ತಮ್ಮ ಪರವಾಗಿ ಹೀಗೊಂದು ಅರ್ಜಿ ಹೋಗಿದೆ ಎಂದು ತಿಳಿದದ್ದು ಅದು ದಾಖಲಾದ ಮೇಲೆಯೇ. ನಮ್ಮನ್ನು ಕೇಳದೆ ನಮ್ಮ ಪರ ವಾದಿಸಲು ನೀವು ಯಾರು ಎಂದು ಅವರು ದಬಾಯಿಸಿದರು. 377ರ ಹೋರಾಟದ ಕಥೆಯನ್ನು ಸಾಮಾನ್ಯವಾಗಿ ಸುಪ್ರೀಂ ಕೋರ್ಟಿನ 2018ರ ತೀರ್ಪಿನ ದಿನದ ಕಾಮನಬಿಲ್ಲಿನ ಬಾವುಟಗಳಿಂದ ಹಿಂದಕ್ಕೆ ಹೇಳುತ್ತಾರೆ. ಹಾಗೆ ಹೇಳಿದಾಗ ಎಲ್ಲರೂ ಮೊದಲಿನಿಂದಲೂ ಒಟ್ಟಿಗೆ ನಡೆದಂತೆ ಕಾಣುತ್ತದೆ. ನಡೆದದ್ದು ಹಾಗಲ್ಲ. ಒಳಜಗಳಗಳನ್ನು ಬಿಟ್ಟು ಹೇಳಿದರೆ ಆ ಅರ್ಜಿ ಬಲಿತದ್ದು ಹೇಗೆ ಎಂಬುದೇ ಅರ್ಥವಾಗುವುದಿಲ್ಲ.

ನಾಜ್‌ಗಿಂತ ಮೊದಲು ಇನ್ನೊಂದು ಅರ್ಜಿ ಇತ್ತು. 1980ರ ದಶಕದ ಕೊನೆಯಲ್ಲಿ ದೆಹಲಿಯಲ್ಲಿ ಏಡ್ಸ್ ಭೇದಭಾವ ವಿರೋಧಿ ಆಂದೋಲನ ಎಂಬ ಸಣ್ಣ ಗುಂಪು ಹುಟ್ಟಿಕೊಂಡಿತು. ವಕೀಲರು, ವೈದ್ಯರು, ಒಬ್ಬ ಕ್ರೈಸ್ತ ಸನ್ಯಾಸಿನಿ ಕೂಡ ಅದರಲ್ಲಿದ್ದರು. ದುಡ್ಡಿಗಾಗಿ ರಕ್ತ ಮಾರುತ್ತಿದ್ದವರ ಪರವಾಗಿ, ಲೈಂಗಿಕ ಕಾರ್ಯಕರ್ತೆಯರ ಪರವಾಗಿ ಈ ಗುಂಪು ಕೆಲಸ ಮಾಡುತ್ತಿತ್ತು. ಸರ್ಕಾರದ್ದಾಗಲೀ ವಿದೇಶದ್ದಾಗಲೀ ದೇಣಿಗೆ ಮುಟ್ಟುವುದಿಲ್ಲ ಎಂಬುದು ಅದರ ಹಟ. 1991ರಲ್ಲಿ ಭಾರತದ ಸಲಿಂಗಪ್ರೇಮಿಗಳ ಸ್ಥಿತಿಗತಿ ಕುರಿತು ಒಂದು ವರದಿ ಪ್ರಕಟಿಸಿ, ಸೆಕ್ಷನ್ 377 ರದ್ದಾಗಬೇಕೆಂದು ಕೇಳಿತು. ಮರುವರ್ಷ ಆಗಸ್ಟ್ 11ರಂದು, ಪಾರ್ಕೊಂದರಿಂದ ಗಂಡಸರನ್ನು ಹಿಡಿದೊಯ್ದದ್ದನ್ನು ವಿರೋಧಿಸಿ ದೆಹಲಿ ಪೊಲೀಸ್ ಕೇಂದ್ರ ಕಚೇರಿಯೆದುರು ಪ್ರತಿಭಟನೆ ಮಾಡಿತು. 1994ರಲ್ಲಿ ತಿಹಾರ್ ಜೈಲಿನ ಕೈದಿಗಳಿಗೆ ಕಾಂಡೋಮ್ ಕೊಡುವ ಮಾತು ಬಂದಾಗ ಅಂದಿನ ಜೈಲು ಮುಖ್ಯಸ್ಥೆ ಕಿರಣ್ ಬೇಡಿ ಒಪ್ಪಲಿಲ್ಲ. ಆಂದೋಲನ ಹೈಕೋರ್ಟ್ ಮೆಟ್ಟಿಲೇರಿತು. 377 ಸಂವಿಧಾನಬಾಹಿರ ಎಂದು ವಾದಿಸಿದ ಮೊದಲ ಅರ್ಜಿ ಅದೇ.

ಆ ಅರ್ಜಿಯ ರಾಜಕೀಯದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಗುಂಪು ಕರಗುತ್ತಾ ಹೋಯಿತು. ದೇಣಿಗೆ ಬೇಡವೆಂದ ಮೇಲೆ ಸಂಬಳದ ವಕೀಲರೂ ಇರಲಿಲ್ಲ. ವರ್ಷಗಟ್ಟಲೆ ದೂಳು ಹಿಡಿದ ಅರ್ಜಿ 2001ರಲ್ಲಿ, ನಡೆಸುವವರೇ ಇಲ್ಲದೆ ವಜಾ ಆಯಿತು. ನಾಜ್ ಅರ್ಜಿಯನ್ನು ಟೀಕಿಸುವಾಗ ಈ ಸಂಗತಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು ಎಂದು ನನಗನ್ನಿಸುತ್ತದೆ.

ಅದೇ 2001ರ ಜುಲೈನಲ್ಲಿ ಲಖನೌ ಪೊಲೀಸರು ಭರೋಸಾ ಟ್ರಸ್ಟ್ ಮತ್ತು ನಾಜ್ ಫೌಂಡೇಶನ್ ಇಂಟರ್‌ನ್ಯಾಷನಲ್ ಎಂಬ ಎರಡು ಸಂಸ್ಥೆಗಳ ಕಚೇರಿಗೆ ನುಗ್ಗಿ ಕಾರ್ಯಕರ್ತರನ್ನು ಬಂಧಿಸಿದರು. (ಎರಡನೆಯದು ದೆಹಲಿಯ ನಾಜ್ ಅಲ್ಲ, ಹೆಸರು ಮಾತ್ರ ಹತ್ತಿರದ್ದು.) ಇವರ ಕೆಲಸ ಪಾರ್ಕುಗಳಿಗೆ ಹೋಗಿ ಗಂಡಸರಿಗೆ ಕಾಂಡೋಮ್, ತಿಳಿವಳಿಕೆಯ ಕರಪತ್ರ ಹಂಚುವುದು. ಅದನ್ನೇ ಅಪರಾಧಕ್ಕೆ ಪ್ರಚೋದನೆ, ಒಳಸಂಚು, ಅಶ್ಲೀಲ ಪ್ರಸಾರ ಎಂದು ಪೊಲೀಸರು ಬರೆದುಕೊಂಡರು. ಅವರಲ್ಲೊಬ್ಬರಾದ ಆರಿಫ್ ಜಾಫರ್ 47 ದಿನ ಜೈಲಿನಲ್ಲಿದ್ದರು. ಅದೇ ವರ್ಷ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಲಿಂಗಪ್ರೇಮವನ್ನು ರೋಗವೆಂದು ಚಿಕಿತ್ಸೆ ಕೊಡುವುದರ ವಿರುದ್ಧದ ದೂರನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತ್ತು. ಆಯೋಗದ ಬಾಗಿಲು ಮುಚ್ಚಿದೆ, ಪೊಲೀಸರು ಕಚೇರಿಗೇ ಬರುತ್ತಿದ್ದಾರೆ, ಹಳೆಯ ಅರ್ಜಿ ಸತ್ತಿದೆ. ಅಂಜಲಿ ಗೋಪಾಲನ್ ಅವರ ನಾಜ್ ಫೌಂಡೇಶನ್ ಮತ್ತು ಅದರ ವಕೀಲರಾದ ಲಾಯರ್ಸ್ ಕಲೆಕ್ಟಿವ್ ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎಂದುಕೊಂಡರು. ಡಿಸೆಂಬರಿನಲ್ಲಿ ಅರ್ಜಿ ಸಲ್ಲಿಕೆಯಾಯಿತು.

ಟೀಕೆಗಳು ಬಂದವು, ಹಲವು ದಿಕ್ಕಿನಿಂದ. ಕೇಳದೆ ಹಾಕಿದಿರಿ ಎಂಬುದು ಮೊದಲನೆಯದು. ಎರಡನೆಯದು ಇನ್ನೂ ಹರಿತವಾಗಿತ್ತು. ಏಡ್ಸ್ ಹರಡುತ್ತದೆ, ಆದ್ದರಿಂದ ಕಾನೂನು ಸಡಿಲಿಸಿ ಎಂದರೆ ನಮ್ಮನ್ನು ರೋಗ ಹರಡುವವರೆಂದು ನೀವೇ ಒಪ್ಪಿಕೊಂಡಂತಾಗಲಿಲ್ಲವೇ? ಮೂರನೆಯದು ‘ಖಾಸಗಿ’ ಎಂಬ ಷರತ್ತಿನ ಮೇಲಿನ ಸಿಟ್ಟು. ಬಾಗಿಲು ಹಾಕಿಕೊಳ್ಳಲು ಸ್ವಂತ ಕೋಣೆ ಯಾರಿಗಿದೆ? ಹೆತ್ತವರ ಮನೆಯ ನಡುಮನೆಯಲ್ಲಿ ಮಲಗುವ ಹುಡುಗನಿಗೆ ಅದಿಲ್ಲ. ಬೀದಿಯಲ್ಲೇ ದುಡಿಯುವ ಹಿಜ್ರಾಗೆ ಅದಿಲ್ಲ. ಪೊಲೀಸರು ಯಾರ ಮಲಗುವ ಕೋಣೆಗೂ ನುಗ್ಗುತ್ತಿರಲಿಲ್ಲ, ಅವರು ಹಿಡಿಯುತ್ತಿದ್ದುದು ಕಬ್ಬನ್ ಪಾರ್ಕಿನಲ್ಲಿ, ಮೆಜೆಸ್ಟಿಕ್ಕಿನಲ್ಲಿ.

ಈ ಮೂರನೆಯ ಮಾತು ಬೆಂಗಳೂರಿನವರ ಬಾಯಲ್ಲಿ ಸಹಜವಾಗಿಯೇ ಬಂತು. ಅದಕ್ಕೆ ಕಾರಣವಿದೆ. ಇಲ್ಲಿ 1994ರಿಂದಲೇ ‘ಗುಡ್ ಆಸ್ ಯೂ’ ಎಂಬ ಗುಂಪು ಸೇರುತ್ತಿತ್ತು, ಅದರ ಭಾಷೆ ಬಹುಪಾಲು ಇಂಗ್ಲಿಷು. 1999ರಲ್ಲಿ ಎಲವರ್ತಿ ಮನೋಹರ್ ಆರಂಭಿಸಿದ ‘ಸಂಗಮ’ವೂ ಮೊದಲು ಪುಸ್ತಕ, ಪತ್ರಿಕೆ, ವರದಿಗಳನ್ನು ಕೂಡಿಡುವ ದಾಖಲೆ ಕೇಂದ್ರವಾಗಿಯೇ ಶುರುವಾದದ್ದು. ಆದರೆ ಬಾಗಿಲು ತಟ್ಟಿದವರು ಪುಸ್ತಕ ಓದಲು ಬಂದವರಾಗಿರಲಿಲ್ಲ. ಠಾಣೆಯಲ್ಲಿ ಏಟು ತಿಂದು ಬಂದ ಕೋಥಿಗಳು (ಹೆಣ್ಣುತನದ ಗಂಡಸರು), ಮನೆಯಿಂದ ಓಡಿ ಬಂದ ಹುಡುಗಿಯರು, ಬಾಡಿಗೆ ಮನೆ ಕಳೆದುಕೊಂಡ ಹಿಜ್ರಾಗಳು ಬಂದರು. ನೋಡನೋಡುತ್ತಿದ್ದಂತೆ ದಾಖಲೆ ಕೇಂದ್ರವು ರಾತ್ರಿ ಹೊತ್ತಿನಲ್ಲಿ ಠಾಣೆಗೆ ಓಡುವ ‘ಕ್ರೈಸಿಸ್ ಟೀಮ್’ ಆಯಿತು. ಸಣ್ಣ ಕೆಲಸಕ್ಕೆ ಸೇರಿದ ಎ. ರೇವತಿ ಮುಂದೆ ಅದರ ನಿರ್ದೇಶಕಿಯಾದರು. ಅವರ ಆತ್ಮಕಥನವನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು, ಅದು ನಾಟಕವಾಗಿ ಊರೂರು ತಿರುಗಿತು.

ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯ ಕುರಿತು ಸತ್ಯಶೋಧನಾ ವರದಿ ತಂದಿತು. ಹಳೆಯ ಮಾನವ ಹಕ್ಕು ಸಂಘಟನೆಗಳು ಇದನ್ನು ತಮ್ಮ ವಿಷಯವೆಂದೇ ಒಪ್ಪಿಕೊಳ್ಳಲು ಹಿಂಜರಿಯುತ್ತಿದ್ದ ಕಾಲ ಅದು. 2003ರಲ್ಲಿ ಹಿಜ್ರಾ ಮತ್ತು ಕೋಥಿ ಲೈಂಗಿಕ ಕಾರ್ಯಕರ್ತರ ಬಗ್ಗೆಯೇ ಎರಡನೆಯ ವರದಿ ಬಂತು. ಎರಡನ್ನೂ ಒಟ್ಟಿಗಿಟ್ಟು ಓದಿದರೆ ಒಂದು ವಿಷಯ ಸ್ಪಷ್ಟ. ಪೊಲೀಸರು 377ರಡಿ ದೋಷಾರೋಪ ಪಟ್ಟಿ ಹಾಕುವುದು ಅಪರೂಪ. ಆ ಸೆಕ್ಷನ್ನಿನ ಹೆಸರು ಹೇಳಿ ಹಣ ಕೀಳುತ್ತಿದ್ದರು, ಮನೆಗೆ ತಿಳಿಸುತ್ತೇವೆಂದು ಹೆದರಿಸುತ್ತಿದ್ದರು. ಠಾಣೆಯ ಪುಸ್ತಕದಲ್ಲಿ ಕೇಸು ಬರೆದುಕೊಳ್ಳಬೇಕಾಗಿ ಬಂದರೆ ಅದಕ್ಕೆ ಬೇರೆ ಕಾನೂನುಗಳಿದ್ದವು: ಪೊಲೀಸ್ ಕಾಯ್ದೆ, ಭಿಕ್ಷಾಟನೆ ನಿಷೇಧ ಕಾಯ್ದೆ, ಅನೈತಿಕ ಸಾಗಾಣಿಕೆ ತಡೆ ಕಾಯ್ದೆ. ಹಾಗಾಗಿ ದೆಹಲಿಯವರು 377 ಬಿದ್ದರೆ ಸಾಕೆಂದಾಗ, ಹಿಜ್ರಾ ಮತ್ತು ಕೋಥಿಗಳ ಇಲ್ಲಿನ ಸಂಘಟನೆ ‘ವಿವಿಧ’ ಅದರ ಜೊತೆಗೆ ಅನೈತಿಕ ಸಾಗಾಣಿಕೆ ಕಾಯ್ದೆಯೂ ಹೋಗಲಿ ಎಂದು ಕೇಳುತ್ತಿತ್ತು.

ಬೆಂಗಳೂರಿನವರೆಲ್ಲ ಒಂದೇ ದನಿಯವರಾಗಿದ್ದರು ಎಂದುಕೊಳ್ಳಬಾರದು. ಹಿಜ್ರಾ ಸಮುದಾಯಕ್ಕೆ ಅದರದ್ದೇ ಕಟ್ಟುಪಾಡಿದೆ. ಗುರು, ಚೇಲಾ (ಶಿಷ್ಯೆ), ಜಮಾತ್ (ಪಂಚಾಯ್ತಿ), ತಪ್ಪಿದವರಿಗೆ ದಂಡ. ಕೋಥಿಗಳಲ್ಲಿ ಬಹಳ ಮಂದಿ ಪ್ಯಾಂಟು ಶರ್ಟಿನಲ್ಲೇ ಓಡಾಡುವವರು, ಮನೆಯಲ್ಲಿ ಹೆಂಡತಿ ಮಕ್ಕಳಿರುವವರು. ಇವರಿಬ್ಬರೂ ಒಂದೇ ಚಾಪೆಯ ಮೇಲೆ ಸಮಾನರಾಗಿ ಕೂರುವುದನ್ನು ಜಮಾತಿನ ಹಿರಿಯರು ಸುಲಭವಾಗಿ ಒಪ್ಪಲಿಲ್ಲ. ಸಂಸ್ಥೆಯವರು ನಮ್ಮ ಮನೆಯ ಗುಟ್ಟನ್ನು ಬೀದಿಗೆ ತರುತ್ತಾರೆ ಎಂಬ ಅನುಮಾನವೂ ಇತ್ತು. ಹಾಗೆಂದು ಒಳಗಿನಿಂದಲೇ ಗುರು–ಚೇಲಾ ಪದ್ಧತಿಯನ್ನು ಪ್ರಶ್ನಿಸಿದವರೂ ಇದ್ದರು. ಅಂಥವರಲ್ಲಿ ಫಮಿಲಾ ಒಬ್ಬರು. ತಾನು ಹಿಜ್ರಾ, ಲೈಂಗಿಕ ಕಾರ್ಯಕರ್ತೆ, ಸ್ತ್ರೀವಾದಿ ಎಂದು ಮೂರನ್ನೂ ಒಟ್ಟಿಗೇ ಹೇಳಿಕೊಳ್ಳುವ ಎದೆಗಾರಿಕೆ ಅವರಿಗಿತ್ತು. 2004ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಉತ್ತರ ಕರ್ನಾಟಕದ ಜೋಗತಿಯರಂತೂ ಎಲ್ಲಮ್ಮನ ಪಡ್ಡಲಗಿ ಹೊತ್ತವರು, ಹಿಜ್ರಾ ಜಮಾತಿನ ಲೆಕ್ಕಕ್ಕೂ ಬಾರದವರು.

ಇದರ ಮೇಲೆ ದುಡ್ಡು ಬಂತು. 2003ರಲ್ಲಿ ಗೇಟ್ಸ್ ಫೌಂಡೇಶನ್ನಿನ ‘ಆವಾಹನ್’ ಎಚ್‌ಐವಿ ಯೋಜನೆ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಶುರುವಾಯಿತು. ಜಿಲ್ಲೆ ಜಿಲ್ಲೆಗಳಲ್ಲಿ ಕಚೇರಿ ತೆರೆದವು, ನಿನ್ನೆಯವರೆಗೆ ಬೀದಿಯಲ್ಲಿದ್ದವರಿಗೆ ತಿಂಗಳ ಸಂಬಳ ಬಂತು. ಇದನ್ನು ಹಗುರಾಗಿ ಕಾಣಬಾರದು, ಎಷ್ಟೋ ಜನ ಮೊದಲ ಬಾರಿಗೆ ಬ್ಯಾಂಕ್ ಖಾತೆ ತೆರೆದದ್ದು ಆಗಲೇ. ಆದರೆ ಯೋಜನೆಗೆ ಬೇಕಾದದ್ದು ಲೆಕ್ಕ. ಎಷ್ಟು ಜನರನ್ನು ಭೇಟಿ ಮಾಡಿದಿರಿ, ಎಷ್ಟು ಕಾಂಡೋಮ್ ಹಂಚಿದಿರಿ, ಎಷ್ಟು ಜನರ ರಕ್ತಪರೀಕ್ಷೆ ಆಯಿತು. ಠಾಣೆಯೆದುರು ರಾತ್ರಿಯಿಡೀ ಕೂತದ್ದಕ್ಕೆ ಆ ತಖ್ತೆಯಲ್ಲಿ ಕಾಲಂ ಇರಲಿಲ್ಲ. ಯಾರು ಕೋಥಿ, ಯಾರು ಹಿಜ್ರಾ ಎಂಬ ಹಳೆಯ ತಕರಾರು ಈಗ ಯಾರ ಹೆಸರಲ್ಲಿ ಎಷ್ಟು ಅನುದಾನ ಎಂಬಲ್ಲಿಗೆ ಬಂದು ನಿಂತಿತು. ಸಲಿಂಗಪ್ರೇಮಿ ಹೆಂಗಸರು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರು ಎಚ್‌ಐವಿ ಲೆಕ್ಕದಲ್ಲಿ ‘ಅಪಾಯದ ಗುಂಪು’ ಅಲ್ಲ. ಆದ್ದರಿಂದ ಅವರಿಗೆ ದುಡ್ಡೂ ಇಲ್ಲ, ಕಚೇರಿಯೂ ಇಲ್ಲ. ಕಣ್ಣಿಗೆ ಕಾಣುವಂತೆ ಒಂದೇ ಚಳವಳಿಯೊಳಗೆ ಸಂಬಳದವರು, ಸಂಬಳವಿಲ್ಲದವರು ಎಂಬ ಎರಡು ಪಂಕ್ತಿ ಆಯಿತು.

ಹೀಗಿರುವಾಗ 2004ರಲ್ಲಿ ಬೆಂಗಳೂರಿನಲ್ಲಿ ಒಂದು ಘಟನೆ ನಡೆಯಿತು. ಸೀರೆ ಉಟ್ಟು ಸಾರ್ವಜನಿಕ ಸ್ಥಳದಲ್ಲಿದ್ದ ಒಬ್ಬ ಹಿಜ್ರಾ ಮೇಲೆ ಪುಂಡರ ಗುಂಪು ಅತ್ಯಾಚಾರ ಎಸಗಿತು. ಪೊಲೀಸರು ಬಂದು ಕರೆದೊಯ್ದದ್ದು ರಕ್ಷಣೆಗಲ್ಲ. ಠಾಣೆಯಲ್ಲಿ ಆಕೆಯನ್ನು ಬೆತ್ತಲೆ ಮಾಡಿ, ಕಿಟಕಿಗೆ ಕೈಕೋಳ ಹಾಕಿ ಹಿಂಸಿಸಿದರು. ಸುದ್ದಿ ಹರಡಿದಾಗ ಜಮಾತಿನವರು, ಕೋಥಿಗಳು, ಲೈಂಗಿಕ ಕಾರ್ಯಕರ್ತೆಯರು, ವಕೀಲರು ಪರಸ್ಪರ ಮುನಿಸು ಬದಿಗಿಟ್ಟು ಬೀದಿಗಿಳಿದರು. ಆಕೆ ತನಗಾದದ್ದನ್ನು ಒಂದನ್ನೂ ಮುಚ್ಚಿಡದೆ ಹೇಳಿಕೆಯಾಗಿ ಬರೆಸಿದರು. ದೆಹಲಿ ಹೈಕೋರ್ಟಿನಲ್ಲಿ ನಾಜ್ ಅರ್ಜಿ ‘ಬಾಧಿತರಿಲ್ಲ’ ಎಂದು ವಜಾ ಆದದ್ದು ಇದಾದ ಎರಡೂವರೆ ತಿಂಗಳಿಗೆ.

ಆ ಸೋಲು ಜಗಳಕ್ಕೆ ಒಂದು ದಾರಿ ಮಾಡಿಕೊಟ್ಟಿತು. ಲಾಯರ್ಸ್ ಕಲೆಕ್ಟಿವ್ ಮೇಲ್ಮನವಿಗೆ ಹೊರಟಿತ್ತು, ಜೊತೆಗೆ ಊರೂರುಗಳ ಗುಂಪುಗಳನ್ನು ಕರೆದು ಕೂರಿಸಿ ಮಾತಾಡತೊಡಗಿತ್ತು. ಅರ್ಜಿ ವಾಪಸ್ ತೆಗೆದುಕೊಳ್ಳಿ ಎಂದವರಿದ್ದರು. ಸೋತರೆ ಇನ್ನೂ ಇಪ್ಪತ್ತು ವರ್ಷ ಎದ್ದೇಳಲಾಗದು ಎಂಬ ಭಯ ಅವರದ್ದು. ಈಗ ಹಿಂದೆಗೆದರೆ ಸರ್ಕಾರದ ವಾದವೇ ಗೆದ್ದಂತೆ ಎಂದವರೂ ಇದ್ದರು. ಕೊನೆಗೆ ಹೊಳೆದ ಉಪಾಯವನ್ನು ನಾನು ಈ ಇಡೀ ಚರಿತ್ರೆಯ ಅತ್ಯಂತ ಜಾಣ ನಡೆ ಎನ್ನುತ್ತೇನೆ. ಅರ್ಜಿ ನಾಜ್‌ನದ್ದೇ ಇರಲಿ, ಅದರ ಬೇಡಿಕೆಯೂ ಹಾಗೇ ಇರಲಿ. ಆದರೆ ಅದೇ ಕೋರ್ಟಿನಲ್ಲಿ ಬೇರೆ ವಕೀಲರನ್ನಿಟ್ಟುಕೊಂಡು, ಮಧ್ಯಪ್ರವೇಶಿಗಳಾಗಿ ತಮ್ಮದೇ ವಾದ ಮಂಡಿಸುವುದು. 2006ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಮತ್ತೆ ದೆಹಲಿಗೆ ಕಳಿಸಿತು. ಆ ವರ್ಷವೇ ‘ವಾಯ್ಸಸ್ ಅಗೇನ್ಸ್ಟ್ 377’ ಎಂಬ ಒಕ್ಕೂಟ ಒಳಬಂತು.

ಈ ಒಕ್ಕೂಟದಲ್ಲಿ ಇದ್ದವರನ್ನು ಗಮನಿಸಬೇಕು. ಸಹೇಲಿ, ಜಾಗೋರಿ, ನಿರಂತರ್‌ನಂಥ ಮಹಿಳಾ ಸಂಘಟನೆಗಳು, ಪ್ರಿಸಂನಂಥ ಕ್ವಿಯರ್ ಗುಂಪು, ಜೊತೆಗೆ ‘ಹಕ್’ ಎಂಬ ಮಕ್ಕಳ ಹಕ್ಕುಗಳ ಕೇಂದ್ರ. ಮಕ್ಕಳ ಹಕ್ಕಿನವರು ಬಂದದ್ದೇ ದೊಡ್ಡ ವಿಷಯ. ಏಕೆಂದರೆ 377 ಹೋದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಶಿಕ್ಷೆ ಕೊಡುವುದು ಹೇಗೆ ಎಂಬುದು ಸರ್ಕಾರದ ಮುಖ್ಯ ಪಟ್ಟು. ಆ ಪ್ರಶ್ನೆ ಹುಸಿಯಲ್ಲ. ಆಗಿನ್ನೂ ಪೋಕ್ಸೊ ಕಾಯ್ದೆ ಬಂದಿರಲಿಲ್ಲ, ಅದು ಬಂದದ್ದು 2012ರಲ್ಲಿ. ಬಾಲಕರ ಮೇಲಿನ ಅತ್ಯಾಚಾರಕ್ಕೆ ಇದ್ದ ಗಟ್ಟಿ ಸೆಕ್ಷನ್ 377 ಒಂದೇ. ನಾಜ್ ಅರ್ಜಿ ಸೆಕ್ಷನ್ ರದ್ದು ಮಾಡಿ ಎನ್ನದೆ, ವಯಸ್ಕರ ಸಮ್ಮತಿಯ ಸಂಬಂಧವನ್ನು ಹೊರಗಿಡಿ ಎಂದಷ್ಟೇ ಕೇಳಿದ್ದರ ಹಿಂದೆ ಈ ಕಾರಣವಿತ್ತು.

ಮಹಿಳಾ ಚಳವಳಿಯೊಂದಿಗಿನ ಸಂಬಂಧವೂ ನಯವಾಗಿ ಬೆಳೆದದ್ದಲ್ಲ. 1998ರ ಡಿಸೆಂಬರಿನಲ್ಲಿ ಇಬ್ಬರು ಹೆಂಗಸರ ಪ್ರೇಮದ ಕಥೆಯಾದ, ದೀಪಾ ಮೆಹ್ತಾ ಅವರ ‘ಫೈರ್’ ಚಿತ್ರದ ಮೇಲೆ ಶಿವಸೇನೆ ದಾಳಿ ಮಾಡಿದಾಗ ದೆಹಲಿಯ ರೀಗಲ್ ಚಿತ್ರಮಂದಿರದ ಮುಂದೆ ಎಲ್ಲರೂ ಒಟ್ಟಾಗಿ ನಿಂತಿದ್ದರು. ವಾಕ್ ಸ್ವಾತಂತ್ರ್ಯ ಎಂದರೆ ಎಲ್ಲರಿಗೂ ಒಪ್ಪಿಗೆ. ಲೆಸ್ಬಿಯನ್ ಎಂಬ ಪದ ಫಲಕದ ಮೇಲೆ ಬಂದಾಗ ಕೆಲವರಿಗೆ ಇರುಸುಮುರುಸು. ಇನ್ನು 2000ದಲ್ಲಿ ಕಾನೂನು ಆಯೋಗದ 172ನೇ ವರದಿ 377ನ್ನು ಕೈಬಿಟ್ಟು, ಅತ್ಯಾಚಾರದ ಕಾನೂನನ್ನು ಲಿಂಗ ತಟಸ್ಥ ಮಾಡಿ ಎಂದು ಶಿಫಾರಸು ಮಾಡಿತ್ತು. ಕ್ವಿಯರ್ ಗುಂಪುಗಳಿಗೆ ಅದರ ಮೊದಲರ್ಧ ಸಿಹಿ. ಮಹಿಳಾ ಸಂಘಟನೆಗಳಿಗೆ ಎರಡನೆಯರ್ಧ ವಿಷ. ಆರೋಪಿಯ ಜಾಗದಲ್ಲಿ ಹೆಣ್ಣನ್ನೂ ನಿಲ್ಲಿಸಿದರೆ, ದೂರು ಕೊಟ್ಟವಳ ಮೇಲೇ ಪ್ರತಿದೂರು ಬೀಳುತ್ತದೆ ಎಂದು ಅವರು ವಾದಿಸಿದರು. ಒಂದು ಹುಡುಗಿಯನ್ನು ಪ್ರೀತಿಸಿದ ಇನ್ನೊಂದು ಹುಡುಗಿಯ ಮೇಲೆ ಮನೆಯವರು ಅಪಹರಣದ ಕೇಸು ಹಾಕುವ ನಾಡಿನಲ್ಲಿ ಅತ್ಯಾಚಾರದ ಕೇಸನ್ನೂ ಹಾಕಿಯಾರು ಎಂಬ ಭಯ ಲೆಸ್ಬಿಯನ್ ಗುಂಪುಗಳಿಗೂ ಇತ್ತು. ಬಾಧಿತರಾಗಿ ಯಾರೂ ಇರಲಿ, ಆರೋಪಿ ಮಾತ್ರ ಗಂಡಸೇ ಇರಲಿ ಎಂಬ ನಡುದಾರಿಯ ಸುತ್ತ ಚರ್ಚೆಗಳು ನಡೆದವು. 2006ರಲ್ಲಿ ಕೋಲ್ಕತ್ತದಲ್ಲಿ ಸೇರಿದ ಸ್ವಾಯತ್ತ ಮಹಿಳಾ ಸಂಘಟನೆಗಳ ರಾಷ್ಟ್ರೀಯ ಸಮಾವೇಶಕ್ಕೆ ಟ್ರಾನ್ಸ್ ಮಹಿಳೆಯರನ್ನು ಬಿಡಬೇಕೇ ಎಂಬುದೇ ವಾದವಾಗಿತ್ತು. ಕೊನೆಗೆ ಬಿಟ್ಟುಕೊಂಡರು.

ಇನ್ನೊಂದು ಮಾತು. 377 ಸಾಮಾನ್ಯವಾಗಿ ಗಂಡಸರ ಸಂಬಂಧಕ್ಕೆ ಅನ್ವಯಿಸುತ್ತಿದ್ದ ಸೆಕ್ಷನ್, ಹೆಂಗಸರ ಮೇಲೆ ಅದನ್ನು ಬಳಸುವುದು ಕಷ್ಟ. ಆದರೂ ಈ ಒಕ್ಕೂಟ ಕಟ್ಟಲು ಹಗಲಿರುಳು ದುಡಿದವರಲ್ಲಿ ಹೆಂಗಸರ ಪಾಲು ದೊಡ್ಡದು. ತಮ್ಮ ಹೆಸರೇ ಬಾರದ ಸೆಕ್ಷನ್ನಿಗಾಗಿ ಅವರು ಹೋರಾಡಿದರು. ಅವರ ಕಷ್ಟಕ್ಕೆ, ಅಂದರೆ ಸ್ವಂತ ಮನೆಯವರ ಹಿಂಸೆಗೆ, ಇಷ್ಟೇ ಜೋರಾಗಿ ಉಳಿದವರು ಬೀದಿಗಿಳಿದರೇ ಎಂದರೆ ನನ್ನ ಉತ್ತರ ಇಲ್ಲ ಎಂದೇ.

ಸರ್ಕಾರದೊಳಗೂ ಒಡಕಿತ್ತು. 377 ಬೇಕೇಬೇಕೆಂದು ಗೃಹ ಸಚಿವಾಲಯ ಹೇಳಿದರೆ, ಅದರಿಂದ ನಮ್ಮ ಕೆಲಸಕ್ಕೆ ತೊಡಕಾಗುತ್ತಿದೆ ಎಂದು ಆರೋಗ್ಯ ಸಚಿವಾಲಯದ ಅಡಿಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಅಫಿಡವಿಟ್ ಹಾಕಿತು. ನಾಜ್‌ನ ಎಚ್‌ಐವಿ ವಾದವನ್ನು ಬೈದವರೂ ಈ ಅಫಿಡವಿಟ್ ಬಂದ ದಿನ ಸುಮ್ಮನಾದರು. ಆ ವಾದವಿಲ್ಲದೆ ಇದು ಸಿಗುತ್ತಿರಲಿಲ್ಲ.

ಅಂತಿಮ ವಿಚಾರಣೆ ನಡೆದದ್ದು 2008ರ ಸೆಪ್ಟೆಂಬರಿನಿಂದ ನವೆಂಬರಿನವರೆಗೆ. ನಾಜ್ ಪರ ಆನಂದ್ ಗ್ರೋವರ್, ಒಕ್ಕೂಟದ ಪರ ಶ್ಯಾಮ್ ದಿವಾನ್. ದೆಹಲಿಯಲ್ಲಿ ವಾದ ನಡೆಯುತ್ತಿದ್ದ ಹೊತ್ತಿಗೇ, ಅಕ್ಟೋಬರ್ 20ರಂದು ದಕ್ಷಿಣ ಬೆಂಗಳೂರಿನಲ್ಲಿ ಪೊಲೀಸರು ಐವರು ಹಿಜ್ರಾಗಳನ್ನು ಹಿಡಿದರು. ಬಿಡಿಸಿಕೊಳ್ಳಲು ಹೋದ ಸಂಗಮದ ಕ್ರೈಸಿಸ್ ಟೀಮಿನವರನ್ನೂ ಒಳಗೆ ಹಾಕಿದರು. ಅದನ್ನು ಪ್ರತಿಭಟಿಸಿ ಠಾಣೆ ಮುಂದೆ ಸೇರಿದವರ ಮೇಲೆ ಲಾಠಿ ಬೀಸಿ, 31 ಕಾರ್ಯಕರ್ತರನ್ನು ಬಂಧಿಸಿದರು. ಅದೇ ವರ್ಷ ಜೂನ್ 29ರಂದು ದೆಹಲಿ, ಕೋಲ್ಕತ್ತಗಳಲ್ಲಿ ಪ್ರೈಡ್ ಮೆರವಣಿಗೆ ನಡೆದ ದಿನವೇ ಬೆಂಗಳೂರಿನ ಮೊದಲ ಪ್ರೈಡ್ ಕೂಡ ನಡೆದಿತ್ತು. ಮುಖವಾಡ ಹಾಕಿಕೊಂಡು ನಡೆದವರು ಎಷ್ಟೋ ಮಂದಿ. ಟೌನ್ ಹಾಲ್ ಮೆಟ್ಟಿಲ ಮೇಲೆ ಅಂದು ಅವರೊಂದಿಗೆ ಮುಖ ಮುಚ್ಚಿಕೊಳ್ಳದೆ ನಿಂತಿದ್ದ ಹಿಜ್ರಾಗಳನ್ನೇ ನಾಲ್ಕು ತಿಂಗಳಲ್ಲಿ ಪೊಲೀಸರು ಸಿಗ್ನಲ್‌ಗಳಲ್ಲಿ ಹುಡುಕಿ ಹಿಡಿಯುತ್ತಿದ್ದರು.

2009ರ ಜುಲೈ 2ರಂದು ಮುಖ್ಯ ನ್ಯಾಯಮೂರ್ತಿ ಎ.ಪಿ. ಶಾ ಮತ್ತು ನ್ಯಾಯಮೂರ್ತಿ ಎಸ್. ಮುರಳೀಧರ್ ತೀರ್ಪು ಕೊಟ್ಟರು. (ಸರಿಯಾಗಿ ಹತ್ತು ವರ್ಷ ಹಿಂದೆ ಅದೇ ಜುಲೈ 2ರಂದು ಕೋಲ್ಕತ್ತದಲ್ಲಿ 15 ಜನ ಹಳದಿ ಟೀ ಶರ್ಟು ತೊಟ್ಟು ‘ಸ್ನೇಹದ ನಡಿಗೆ’ ನಡೆದಿದ್ದರು, ದೇಶದ ಮೊದಲ ಪ್ರೈಡ್ ಎಂದು ಅದನ್ನೇ ಎಣಿಸುತ್ತಾರೆ.) ತೀರ್ಪನ್ನು ಓದುತ್ತಾ ಹೋದರೆ ಅರ್ಜಿಯ ಮೇಲೆ ನಡೆದ ಜಗಳದ ಗುರುತುಗಳು ಸಾಲುಸಾಲಾಗಿ ಸಿಗುತ್ತವೆ. ಎಚ್‌ಐವಿ ಇದೆ, ಆದರೆ ಅದರ ಮುಂದೆ ಘನತೆ ಇದೆ, ಸಮಾನತೆ ಇದೆ. ಅಂಬೇಡ್ಕರ್ ಹೇಳಿದ ಸಾಂವಿಧಾನಿಕ ನೈತಿಕತೆ ಇದೆ. ಬಾಧಿತರು ಯಾರು ಎಂಬುದಕ್ಕೆ ಉತ್ತರವಾಗಿ ಲಖನೌ ಇದೆ, ಬೆಂಗಳೂರಿನ ಠಾಣೆಯ ಕಿಟಕಿ ಮತ್ತು ಕೈಕೋಳವೂ ಇವೆ. ಆ ಹೇಳಿಕೆ ಕೋರ್ಟಿಗೆ ತಲುಪಿದ್ದು ಒಕ್ಕೂಟದ ಅಫಿಡವಿಟ್ ಮೂಲಕ. ನಾಜ್‌ನ ಮೂಲ ಅರ್ಜಿಯಷ್ಟೇ ಇದ್ದಿದ್ದರೆ ಈ ಪುಟ ಬರುತ್ತಿರಲಿಲ್ಲ, ನಾಜ್‌ನ ಅರ್ಜಿಯೇ ಇಲ್ಲದಿದ್ದರೆ ಅಫಿಡವಿಟ್ ಹಾಕಲು ಜಾಗವೇ ಇರುತ್ತಿರಲಿಲ್ಲ.

ಬದಲಾಗದೆ ಉಳಿದದ್ದು ಆ ‘ಖಾಸಗಿ’ ಎಂಬ ಷರತ್ತು. ಅದರ ಬೆಲೆ ಕರ್ನಾಟಕದಲ್ಲಿ ಬಹುಬೇಗ ತಿಳಿಯಿತು. 2011ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ 36ಎ ಎಂಬ ಸೆಕ್ಷನ್ ಸೇರಿಸಿತು. ಮಕ್ಕಳ ಅಪಹರಣ, ‘ಅಸ್ವಾಭಾವಿಕ ಅಪರಾಧ’ ಇತ್ಯಾದಿಗಳ ಅನುಮಾನವಿರುವ ಹಿಜ್ರಾಗಳ ಹೆಸರು ವಿಳಾಸವನ್ನು ಪೊಲೀಸ್ ಕಮಿಷನರ್ ಪುಸ್ತಕದಲ್ಲಿ ಬರೆದಿಡಬಹುದೆಂದು ಅದು ಹೇಳಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಭಾಷೆಯನ್ನೇ ಎತ್ತಿ ತಂದಂತಿತ್ತು. ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿಗೆ ಹೋಯಿತು, ಕೆಲವು ವರ್ಷಗಳ ಬಳಿಕ ಸರ್ಕಾರ ಸೆಕ್ಷನ್ನಿಗೆ ತಿದ್ದುಪಡಿ ತಂದಿತು. 2014ರ ಏಪ್ರಿಲ್ 15ರ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು ಟ್ರಾನ್ಸ್‌ಜೆಂಡರ್ ಜನರನ್ನು ತೃತೀಯ ಲಿಂಗಿಗಳೆಂದು ಗುರುತಿಸಿದ ವರ್ಷವೇ, ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ನೂರಕ್ಕೂ ಹೆಚ್ಚು ಮಂದಿಯನ್ನು ಬೀದಿಯಿಂದ ಎತ್ತಿಕೊಂಡು ಹೋಗಿ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ತುಂಬಿದರು. ಭಿಕ್ಷಾಟನೆ ಕಾಯ್ದೆಗೆ ಖಾಸಗಿತನದ ಹಂಗಿಲ್ಲ.

2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ತೀರ್ಪನ್ನು ಬುಡಮೇಲು ಮಾಡಿದ್ದು, ಇವರು ಜನಸಂಖ್ಯೆಯ ಅತ್ಯಲ್ಪ ಭಾಗ ಎಂದದ್ದು ಎಲ್ಲರಿಗೂ ಗೊತ್ತಿರುವ ಕಥೆ. 2016ರಲ್ಲಿ ಹಳೆಯ ಜಗಳ ಹೊಸ ವೇಷದಲ್ಲಿ ಬಂತು. ಆ 2013ರ ತೀರ್ಪಿನ ವಿರುದ್ಧದ ಪರಿಹಾರಾತ್ಮಕ (ಕ್ಯುರೇಟಿವ್) ಅರ್ಜಿ ಇನ್ನೂ ಬಾಕಿ ಇರುವಾಗಲೇ ನೃತ್ಯ ಕಲಾವಿದ ನವತೇಜ್ ಜೋಹರ್, ಬಾಣಸಿಗೆ ರಿತು ದಾಲ್ಮಿಯಾ ಮೊದಲಾದ ಐವರು ಹೊಸ ರಿಟ್ ಅರ್ಜಿ ಸಲ್ಲಿಸಿದರು. ಪ್ರಸಿದ್ಧರು, ಅನುಕೂಲಸ್ಥರು. ನಾವೇ ಬಾಧಿತರು ಎಂದು ಸ್ವಂತ ಹೆಸರಿನಲ್ಲಿ ಹೇಳಿದ್ದು ಅವರ ಧೈರ್ಯ. 2004ರ ಕೋರ್ಟ್ ಪ್ರಶ್ನೆಗೆ ಅದು ನೇರ ಉತ್ತರವೂ ಹೌದು. ಆದರೆ ಠಾಣೆಯ ಏಟಿನ ಗುರುತಿಲ್ಲದ ಅರ್ಜಿ ಅದು. ಅದೇ ವರ್ಷ ಬೆಂಗಳೂರಿನ ಅಕ್ಕೈ ಪದ್ಮಶಾಲಿ ಮತ್ತಿಬ್ಬರು ಟ್ರಾನ್ಸ್‌ಜೆಂಡರ್ ಸಮುದಾಯದಿಂದ ತಮ್ಮದೇ ಅರ್ಜಿ ಹಾಕಿದರು, ಅವರ ಪರ ವಾದಿಸಿದ್ದು ಜೈನಾ ಕೊಠಾರಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕಾಯಿತು. ಅಲ್ಲಿಂದ ದಾರಿ ಸಲೀಸಾಯಿತು. ಲಖನೌದ ಆರಿಫ್ ಜಾಫರ್ ಕೂಡ 2018ರಲ್ಲಿ ಅರ್ಜಿದಾರರಾದರು, ಅವರ ಮೇಲಿನ 2001ರ ಕೇಸು ಆಗಲೂ ಮುಗಿದಿರಲಿಲ್ಲ. ಆ ವರ್ಷ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳೂ ಒಮ್ಮತದಿಂದ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದರು.

ಆಮೇಲೆ ಒಬ್ಬೊಬ್ಬರ ದಾರಿ ಒಂದೊಂದಾಯಿತು. ಕೆಲವರು ಮದುವೆಯ ಹಕ್ಕಿಗಾಗಿ ಕೋರ್ಟಿಗೆ ಹೋಗಿ 2023ರ ಅಕ್ಟೋಬರಿನಲ್ಲಿ ಸೋತರು. ಸಂಗಮ ಮೀಸಲಾತಿಗಾಗಿ ಕರ್ನಾಟಕ ಹೈಕೋರ್ಟಿಗೆ ಹೋಗಿ ಗೆದ್ದಿತು, 2021ರಲ್ಲಿ ರಾಜ್ಯ ಸರ್ಕಾರಿ ನೇಮಕಾತಿಯ ಎಲ್ಲ ಪ್ರವರ್ಗಗಳ ಒಳಗೂ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಶೇ 1ರಷ್ಟು ಮೀಸಲು ಸಿಕ್ಕಿತು. ಹಿಂದುಳಿದ ವರ್ಗದ ಪಟ್ಟಿಗೆ ಎಲ್ಲರನ್ನೂ ಸೇರಿಸಿಬಿಡಿ ಎನ್ನುವವರ ಎದುರು, ದಲಿತ ಟ್ರಾನ್ಸ್ ಹೋರಾಟಗಾರರು ತಮ್ಮ ಜಾತಿಯ ಮೀಸಲಾತಿ ಕಳೆದುಕೊಳ್ಳಲು ತಯಾರಿಲ್ಲ ಎಂದು ಪಟ್ಟು ಹಿಡಿದದ್ದರ ಫಲ ಈ ಮಾದರಿ.

ಬಗೆಹರಿಯದೆ ಉಳಿದದ್ದು, ಅತ್ಯಾಚಾರದ ಕಾನೂನು ಲಿಂಗ ತಟಸ್ಥವಾಗಬೇಕೇ ಎಂಬ 2000ದ ಆ ತಕರಾರು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಸೆಕ್ಷನ್ 377 ಪೂರ್ತಿಯಾಗಿ ಮಾಯವಾಯಿತು. ಸಮ್ಮತಿಯಿಲ್ಲದ ಕೃತ್ಯಕ್ಕೆ ಶಿಕ್ಷೆ ಕೊಡುತ್ತಿದ್ದ, 2018ರಲ್ಲಿ ಕೋರ್ಟ್ ಉಳಿಸಿಕೊಟ್ಟಿದ್ದ ಭಾಗವೂ ಹೋಯಿತು. ಅತ್ಯಾಚಾರದ ಸೆಕ್ಷನ್ನಿನಲ್ಲಿ ಬಾಧಿತೆ ಮಹಿಳೆ ಮಾತ್ರ. ಆ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟ್ ಈ ಲೋಪದ ಬಗ್ಗೆ ತೀರ್ಮಾನ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಬಾಧಿತರು ಯಾರೆಲ್ಲ, ಆರೋಪಿ ಯಾರೆಲ್ಲ ಎಂಬ ಕರಡನ್ನು ಮಹಿಳಾ ಸಂಘಟನೆಗಳು ಮತ್ತು ಕ್ವಿಯರ್ ಸಂಘಟನೆಗಳು ಕೂತು ಬರೆಯದಿದ್ದರೆ ಸರ್ಕಾರ ತನಗೆ ತೋಚಿದಂತೆ ಬರೆಯುತ್ತದೆ. 2004ರಲ್ಲಿ ಬೆಂಗಳೂರಿನಲ್ಲಿ ನಡೆದದ್ದು ಇಂದು ನಡೆದು, ದೂರು ಕೊಟ್ಟವಳನ್ನು ಮಹಿಳೆ ಎಂದು ಠಾಣೆ ಒಪ್ಪದಿದ್ದರೆ, ಆ ಲೈಂಗಿಕ ದೌರ್ಜನ್ಯಕ್ಕೆ ಉಳಿಯುವುದು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ ಸೆಕ್ಷನ್ 18. ಅದರಲ್ಲಿರುವ ಗರಿಷ್ಠ ಶಿಕ್ಷೆ ಎರಡು ವರ್ಷ.